42 ಡಿಗ್ರಿಯ ಊರಲ್ಲಿ 37.5ರ ಪೆಟ್ಟಿಗೆ

ಏಪ್ರಿಲ್ ತಿಂಗಳು, ಸಂಜೆ ಏಳು ಗಂಟೆ. ತತ್ತಿಗೆ ಕಾವು ಕೊಡುವ ಇನ್‌ಕ್ಯುಬೇಟರಿನ ಬಲ್ಬು ಆರಿ ಮೂರು ತಾಸಾಯಿತು. ಆದರೂ ಒಳಗಿನ ಅಂಕಿ 37.9, 38.1, 38.4 ಅಂತ ಏರುತ್ತಲೇ ಇದೆ. ಕಂಟ್ರೋಲರ್ ಕೆಟ್ಟಿಲ್ಲ, ಬಲ್ಬನ್ನು ಸರಿಯಾದ ಹೊತ್ತಿಗೇ ಆರಿಸಿದೆ. ಬಿಸಿ ಬರುತ್ತಿರುವುದು ಮೇಲಿನಿಂದ. ಹಗಲೆಲ್ಲ ಬಿಸಿಲು ಕುಡಿದ ಆರ್‌ಸಿಸಿ ಛತ್ತು ಅದನ್ನು ಕೋಣೆಯೊಳಕ್ಕೆ ಉಗುಳಲು ಶುರುಮಾಡುವುದೇ ಹೊತ್ತು ಮುಳುಗಿದ ಮೇಲೆ. ಕೋಣೆ 39ಕ್ಕೆ ಬಂದು ನಿಂತಿದೆ. ಪೆಟ್ಟಿಗೆಗೆ ಬಿಸಿ ಮಾಡಲು ಬರುತ್ತದೆ, ತಣಿಸಲು ಬರುವುದಿಲ್ಲ. ಒಳಗಿರುವುದು 16 ದಿನ ತುಂಬಿದ 60 ತತ್ತಿ.

ಆ ಸರದಿಯಲ್ಲಿ 60ಕ್ಕೆ 19 ಮರಿ ಬಂದವು. ಅದೇ ಪೆಟ್ಟಿಗೆ, ಅದೇ ಹುಂಜ, ಅವೇ ಹ್ಯಾಟೆಗಳು. ಆಗಸ್ಟಿನಲ್ಲಿ ಇಟ್ಟಾಗ 60ಕ್ಕೆ 43 ಬಂದವು. ಪೆಟ್ಟಿಗೆಯ ಜತೆ ಬರುವ ಕಾಗದದಲ್ಲಿ ಕೋಣೆಯ ಉಷ್ಣಾಂಶ 20ರಿಂದ 25 ಡಿಗ್ರಿ ಇರಲಿ ಎಂದು ಬರೆದಿರುತ್ತದೆ. ಸಿಂಧನೂರು ಸೀಮೆಯಲ್ಲಿ ಮಾರ್ಚಿನಿಂದ ಮೇ ಮುಗಿಯುವವರೆಗೆ ಅಂಥ ಕೋಣೆ ಯಾರ ಮನೆಯಲ್ಲಿದೆ? ಹಾಗಾಗಿ ಇಲ್ಲಿ ಬರೆದದ್ದರಲ್ಲಿ ಅರ್ಧದಷ್ಟು ತಂಪಿನ ಲೆಕ್ಕವೇ.

ಕೋಳಿಯೇ ಕಾವು ಕೊಡುವಾಗ ಮಷಿನ್ ಯಾಕೆ ಎಂದು ಕೇಳುವವರಿದ್ದಾರೆ. ಜವಾರಿ ಹ್ಯಾಟೆ ಒಂದು ಸರದಿಗೆ ಹತ್ತು ಹದಿನೈದು ತತ್ತಿ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಕಾವು, ಆಮೇಲೆ ಎರಡು ಮೂರು ತಿಂಗಳು ಮರಿ ಕಟ್ಟಿಕೊಂಡು ತಿರುಗಾಟ. ಅಷ್ಟೂ ದಿನ ತತ್ತಿ ಬಂದ್. ತತ್ತಿಯನ್ನು ದಿನವೂ ಎತ್ತಿಕೊಂಡು ಮಷಿನ್ನಿಗೆ ಹಾಕಿದರೆ, ಕಾವು ಬಿಡಿಸಿದ ಕೋಳಿ ಕೆಲವೇ ವಾರಗಳಲ್ಲಿ ಮತ್ತೆ ಇಡಲು ತೊಡಗುತ್ತದೆ. ಇನ್ನು ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರದಂಥ ತಳಿಗಳಿಗೆ ಕಾವಿಗೆ ಕೂರುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಅವುಗಳ ತತ್ತಿಗೆ ಮಷಿನ್ನೇ ಗತಿ. ಆದರೆ ಮನೆಯಲ್ಲೇ ಮರಿ ಮಾಡಿದ ಗಿರಿರಾಜದ ಎರಡನೇ ತಲೆಮಾರಿನಲ್ಲಿ ತೂಕ, ತತ್ತಿ, ಬಣ್ಣ ಎಲ್ಲವೂ ಚೆದುರಿಹೋಗುತ್ತವೆ. ತಾಯಿಯಷ್ಟೇ ತೂಗುತ್ತದೆ ಅಂತ ಯಾರಿಗೂ ಮಾತು ಕೊಟ್ಟು ಮಾರಬೇಡಿ.

ಮರಿಯ ಭವಿಷ್ಯ ಅರ್ಧ ನಿರ್ಧಾರವಾಗುವುದು ತತ್ತಿ ಪೆಟ್ಟಿಗೆ ಸೇರುವ ಮೊದಲೇ. 8ರಿಂದ 10 ಹ್ಯಾಟೆಗೆ ಒಂದು ಹುಂಜ ಸಾಕು. ಹೆಚ್ಚು ಹುಂಜ ಬಿಟ್ಟರೆ ಜಗಳದಲ್ಲೇ ಹೊತ್ತು ಹೋಗಿ ತತ್ತಿಯಲ್ಲಿ ಜೀವ ಕಟ್ಟುವುದು ಕಡಿಮೆಯಾಗುತ್ತದೆ. ಹುಂಜ ಬದಲಿಸಿದರೆ ಹಳೆಯದರ ಬೀಜ ಹ್ಯಾಟೆಯ ಹೊಟ್ಟೆಯಲ್ಲಿ ಎರಡು ವಾರದವರೆಗೂ ಉಳಿದಿರುತ್ತದೆ. ತಳಿ ಶುದ್ಧವಾಗಿ ಬೇಕೆನ್ನುವವರು ಮೂರು ವಾರ ಬಿಟ್ಟು ತತ್ತಿ ಆರಿಸಬೇಕು. ತೀರ ಉದ್ದ, ತೀರ ದುಂಡು, ತೆಳು ಸಿಪ್ಪೆಯದು, ಎರಡು ಭಂಡಾರದ (ಹಳದಿಯ) ದೊಡ್ಡದು, ಕೂದಲೆಳೆ ಬಿರುಕಿನದು, ಇವೆಲ್ಲ ಆಮ್ಲೆಟ್ಟಿಗೆ. ಹೊಲಸಾದ ತತ್ತಿಯನ್ನು ತೊಳೆಯಬಾರದು. ಸಿಪ್ಪೆಯ ಮೇಲಿನ ಕಣ್ಣಿಗೆ ಕಾಣದ ಪೊರೆ ನೀರಿಗೆ ಹೋದರೆ ರಂಧ್ರಗಳ ಮೂಲಕ ಹೊಲಸು ಒಳಸೇರುತ್ತದೆ. ಅಂಥದ್ದು ಪೆಟ್ಟಿಗೆಯಲ್ಲಿ ಎರಡನೇ ವಾರ ಪಟ್ಟನೆ ಒಡೆದರೆ ಸುತ್ತಲಿನ ತತ್ತಿಗಳೂ ಕೆಟ್ಟವೆಂದೇ ತಿಳಿಯಿರಿ. ಒಣ ಬಟ್ಟೆಯಲ್ಲಿ ಒರೆಸಿ ಹೋಗುವಷ್ಟು ಮಾತ್ರ ಸರಿ.

ಬೇಸಿಗೆಯ ಮೊದಲ ಪೆಟ್ಟು ಬೀಳುವುದು ತತ್ತಿ ಕೂಡಿಡುವಾಗ. ಉಷ್ಣಾಂಶ 20–21 ಡಿಗ್ರಿಗಿಂತ ಮೇಲಾದರೆ ಒಳಗಿನ ಜೀವ ನಿಧಾನವಾಗಿ ಬೆಳೆಯಲು ಶುರುಮಾಡುತ್ತದೆ. 36–38ರ ಅಡುಗೆಮನೆಯಲ್ಲಿ ಐದು ದಿನ ಇಟ್ಟ ತತ್ತಿ ಹಗಲು ಬೆಳೆದು, ರಾತ್ರಿ ತಡೆದು, ಕೊನೆಗೆ ಸೋತು ಸತ್ತಿರುತ್ತದೆ. ನೋಡಲು ತಾಜಾ, ಏಳನೇ ದಿನ ಬೆಳಕಿಗೆ ಹಿಡಿದರೆ ಒಳಗೆ ಕೆಂಪು ಉಂಗುರ. ಈ ಉಂಗುರ ಕಂಡವರೆಲ್ಲ ಹುಂಜನನ್ನು ಬೈಯುತ್ತಾರೆ. ಹುಂಜನ ತಪ್ಪಿದ್ದರೆ ತತ್ತಿ ಪೂರ್ತಿ ತಿಳಿಯಾಗಿ ಕಾಣುತ್ತದೆ. ಉಂಗುರ ಇದೆಯೆಂದರೆ ಜೀವ ಕಟ್ಟಿತ್ತು, ನಾವು ಕೊಂದೆವು.

ನಾವು ಈಗ ಮಾಡುವುದಿಷ್ಟು. ಅಗಲ ಬಾಯಿಯ ಮಣ್ಣಿನ ಗಡಿಗೆಯನ್ನು ಹಸಿ ಮರಳು ತುಂಬಿದ ಬೋಗುಣಿಯಲ್ಲಿ ಕೂರಿಸಿ, ಹೊರಮೈಗೆ ಹಸಿ ಗೋಣಿತಟ್ಟು ಸುತ್ತುತ್ತೇವೆ. ಒಳಗೆ ಒಣ ಭತ್ತದ ಹೊಟ್ಟು ಹಾಕಿ, ಅದರ ಮೇಲೆ ತತ್ತಿಯ ಅಗಲ ತುದಿ ಮೇಲೆ ಬರುವಂತೆ ನಿಲ್ಲಿಸಿ, ಬಾಯಿಗೆ ತೆಳು ಬಟ್ಟೆ. ಗಾಳಿ ಆಡುವ ಮೂಲೆಯಲ್ಲಿ ಇಟ್ಟು ಮರಳಿಗೆ ದಿನಕ್ಕೆರಡು ಸಲ ನೀರು. ಹೊರಗೆ ಗಾಳಿ ಒಣಗಿದ್ದಷ್ಟೂ ಗಡಿಗೆ ತಂಪು. ಕೋಣೆ 38 ಇದ್ದಾಗ ಒಳಗೆ 24–26 ಸಿಗುತ್ತದೆ. ಇದೂ ಪೂರ್ತಿ ಸಾಲದು. ಹಾಗಾಗಿ ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಕೂಡಿಡುವುದಿಲ್ಲ. ಚಳಿಗಾಲದಲ್ಲಿ ಏಳು ದಿನ. ಫ್ರಿಜ್ಜಿನಲ್ಲಿಟ್ಟರೆ ಅತಿ ತಂಪು ಒಂದು ಕಡೆ, ಹೊರಗೆ ತೆಗೆದ ಕೂಡಲೇ ಸಿಪ್ಪೆ ಬೆವರುವುದು ಇನ್ನೊಂದು ಕಡೆ. ಆ ಬೆವರಿನ ಜತೆ ಹೊಲಸೂ ಒಳಗಿಳಿಯುತ್ತದೆ.

ಇನ್ನೊಂದು ಮಾತು, ಇದು ನಮ್ಮ ಹತ್ತಿಯ ಸೀಮೆಗೇ ಸೇರಿದ್ದು. ಎಮ್ಮೆಗೆ ತಂದ ಹತ್ತಿಕಾಳಿನ ಹಿಂಡಿ ಅಗ್ಗವೆಂದು ಕೋಳಿಗೂ ಹಾಕುವವರಿದ್ದಾರೆ. ಅದರಲ್ಲಿರುವ ಗಾಸಿಪಾಲ್ ಎಂಬ ವಸ್ತು ಭಂಡಾರವನ್ನು ಹಸಿರುಗಂದಾಗಿಸುತ್ತದೆ, ಹತ್ತಿಕಾಳಿನ ಎಣ್ಣೆಯಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಬಿಳಿಯನ್ನು ನಸುಗೆಂಪಾಗಿಸುತ್ತದೆ, ಮರಿಯಾಗುವ ಪ್ರಮಾಣವನ್ನೂ ಇಳಿಸುತ್ತದೆ. ಕಾವಿನ ತತ್ತಿ ಬೇಕಾದ ಕೋಳಿಗೆ ಅದನ್ನು ಮುಟ್ಟಿಸಬಾರದು. ಶೇಂಗಾ ಹಿಂಡಿ ಒಳ್ಳೆಯದು, ಆದರೆ ಮಳೆಗಾಲದಲ್ಲಿ ಬೂಸ್ಟು ಹಿಡಿದದ್ದಾದರೆ ಅಫ್ಲಟಾಕ್ಸಿನ್ ವಿಷ. ಬೂಸ್ಟನ್ನು ಕೆರೆದು ಬಿಸಿಲಿಗೆ ಹಾಕಿದರೆ ಹೋಗುವಂಥದ್ದಲ್ಲ.

ಪೆಟ್ಟಿಗೆಗೆ ಬರೋಣ. ನಮ್ಮದು ಥರ್ಮಾಕೋಲ್ ಪೆಟ್ಟಿಗೆ, 12 ವೋಲ್ಟಿನ ಕಂಪ್ಯೂಟರ್ ಫ್ಯಾನು, 40 ವ್ಯಾಟಿನ ಎರಡು ಗುಂಡು ಬಲ್ಬು, ಡಬ್ಲ್ಯೂ 1209 ಎಂಬ ಸಣ್ಣ ಕಂಟ್ರೋಲರ್. ಬಲ್ಬು ಎರಡಿರಲಿ, ಒಂದು ಸುಟ್ಟರೆ ಇನ್ನೊಂದು ಬೆಳಗಿನವರೆಗೆ ಹಿಡಿದಿಡುತ್ತದೆ. ಅಂಗಡಿಯಲ್ಲಿ ಬರೀ 'ಬಲ್ಬು' ಎಂದರೆ ಎಲ್‌ಇಡಿ ಕೊಟ್ಟು ಕಳಿಸುತ್ತಾರೆ, ಅದು ಬೆಳಕು ಕೊಡುತ್ತದೆಯೇ ಹೊರತು ಈ ಕೆಲಸಕ್ಕೆ ಬೇಕಾದ ಶಾಖ ಕೊಡುವುದಿಲ್ಲ. ಕಂಟ್ರೋಲರಿನಲ್ಲಿ ಮೊದಲು ಪಿ0 ಎಂಬ ಸೆಟ್ಟಿಂಗ್ ತೆರೆದು ಬಿಸಿ ಮಾಡುವ ಎಚ್‌ಗೆ ತಿರುಗಿಸಬೇಕು, ಸಿ ಎಂದರೆ ತಣಿಸುವುದು. ಆಮೇಲೆ ಪಿ1. ಕಾರ್ಖಾನೆಯಿಂದ ಅದು 2 ಡಿಗ್ರಿ ಅಂತರಕ್ಕೆ ಬಂದಿರುತ್ತದೆ. ಹಾಗೆಯೇ ಬಿಟ್ಟರೆ 37.5ಕ್ಕೆ ಆರಿದ ಬಲ್ಬು ಮತ್ತೆ ಹತ್ತುವುದು 35.5ಕ್ಕೆ. ಹೊಸ ಪೆಟ್ಟಿಗೆ ಮಾಡಿ ಮೊದಲ ಸರದಿ ಕೆಡಿಸಿಕೊಂಡವರಲ್ಲಿ ಎಷ್ಟೋ ಜನ ಇದೊಂದನ್ನು ನೋಡಿರುವುದಿಲ್ಲ. 0.2ಕ್ಕೆ ಇಳಿಸಿ.

ಫ್ಯಾನ್ ಇರುವ ಪೆಟ್ಟಿಗೆಗೆ 37.5. ಫ್ಯಾನ್ ಇಲ್ಲದ್ದಕ್ಕೆ ತತ್ತಿಯ ನೆತ್ತಿಯ ಮಟ್ಟದಲ್ಲಿ ಅಳೆದು 38.3ರಿಂದ 38.9, ಯಾಕೆಂದರೆ ಅಲ್ಲಿ ಗಾಳಿ ಪದರಪದರವಾಗಿ ನಿಲ್ಲುತ್ತದೆ, ಮೇಲೆ ಬಿಸಿ, ಕೆಳಗೆ ತಂಪು. ಕಂಟ್ರೋಲರ್ ತೋರಿಸುವ ಅಂಕಿಯನ್ನು ನಂಬಬೇಡಿ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಸರಿಯಾಗಿ ಅಳೆಯುವುದೇ ನಮಗೆ ಬೇಕಾದ ಆ 37–39ರ ನಡುವೆ. ಅದನ್ನು ಸೆನ್ಸರಿನ ಪಕ್ಕದಲ್ಲಿಟ್ಟು ಹೋಲಿಸಿ, ವ್ಯತ್ಯಾಸವನ್ನು ಪಿ4ರಲ್ಲಿ ಸರಿಮಾಡಿ. ತೇವಮಾಪಕಕ್ಕೂ ಪರೀಕ್ಷೆ ಇದೆ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ ಹಸಿಯಾಗುವಷ್ಟೇ ನೀರು ಬೆರೆಸಿ, ಮಾಪಕದ ಜತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. ಅಗ್ಗದ ಮಾಪಕಗಳು ಎಂಟು ಹತ್ತು ಅಂಕಿ ಆಚೀಚೆ ಹೇಳುವುದು ಮಾಮೂಲು.

ಕಂಟ್ರೋಲರಿನೊಳಗೆ ಬಲ್ಬನ್ನು ಹತ್ತಿಸಿ ಆರಿಸುವ ಸ್ವಿಚ್ಚು, ಅಂದರೆ ರಿಲೇ, ಅಂಟಿಕೊಳ್ಳುವುದು ಇನ್ನೊಂದು ಅಪಾಯ. ದಿನಕ್ಕೆ ನೂರಾರು ಸಲ ಹತ್ತಿ ಆರುವ ರಿಲೇಯ ಒಳಗಿನ ತುದಿಗಳು ಕಿಡಿಯಿಂದ ಸವೆದು ಒಂದು ದಿನ ಬೆಸೆದುಕೊಳ್ಳುತ್ತವೆ. ಕಂಟ್ರೋಲರಿನ ಕೆಂಪು ದೀಪ ಆರಿರುತ್ತದೆ, ಬಲ್ಬು ಮಾತ್ರ ಉರಿಯುತ್ತಿರುತ್ತದೆ. ಅರ್ಧ ರಾತ್ರಿಯಲ್ಲಿ ಒಳಗೆ 45 ಆಗಿ ಎಲ್ಲ ಬೆಂದಿರುತ್ತದೆ. ಇದಕ್ಕೆ ಎರಡನೇ ಕಂಟ್ರೋಲರನ್ನು ಅದೇ ಬಲ್ಬಿನ ವೈರಿಗೆ ಸರಣಿಯಲ್ಲಿ ಜೋಡಿಸಿ 38.5ಕ್ಕೆ ಇಡಿ. ಒಂದು ಅಂಟಿಕೊಂಡರೂ ಇನ್ನೊಂದು ಕಡಿಯುತ್ತದೆ. ಅದರ ಬೆಲೆ ಅರ್ಧ ಡಜನ್ ಮರಿಗಿಂತ ಹೆಚ್ಚಿಲ್ಲ.

ಏಪ್ರಿಲ್ ಸರದಿ ಕೆಟ್ಟ ಮೇಲೆ ಓಣಿಯ ಅಜ್ಜಿಯೊಬ್ಬರು ಪೆಟ್ಟಿಗೆ ನೋಡಲು ಬಂದು ಆಡಿದ ಮಾತು ಯಾವ ಕಾಗದದಲ್ಲೂ ಇರಲಿಲ್ಲ: "ಕೋಳಿ ಸುದ್ದಾ ತಂಪಿನ ಮೂಲಿ ನೋಡಿ ಕುಂದರ್ತೈತಿ. ನೀವು ಆರ್‌ಸಿಸಿ ಮನ್ಯಾಗ ಇಟ್ಟೀರಲ್ಲ ತಮ್ಮಾ!" ಅವರ ಮಣ್ಣಿನ ಮಾಳಗಿ ಮನೆಯಲ್ಲಿ ಅದೇ ಸಂಜೆ ಥರ್ಮಾಮೀಟರ್ ಇಟ್ಟು ನೋಡಿದರೆ 33. "ಹೌದಬೇ ಅವ್ವಾ" ಅಂದು ಪೆಟ್ಟಿಗೆಯನ್ನು ಅಲ್ಲಿಗೇ ಹೊತ್ತೆವು. ಪೆಟ್ಟಿಗೆಗೆ ಬೇಕಾದದ್ದು ತನ್ನ 37.5ಕ್ಕಿಂತ ನಾಲ್ಕೈದು ಡಿಗ್ರಿಯಾದರೂ ಕಡಿಮೆ ಇರುವ ಕೋಣೆ. ಆಗಷ್ಟೇ ಬಲ್ಬು ಹತ್ತಿ ಆರಿ ಲೆಕ್ಕ ಹಿಡಿಯುತ್ತದೆ. 14ನೇ ದಿನದ ನಂತರ ಮರಿಗಳೇ ಶಾಖ ಬಿಡಲು ತೊಡಗುತ್ತವೆ, ಥರ್ಮಾಕೋಲ್ ಆ ಶಾಖವನ್ನು ಹೊರಬಿಡುವುದಿಲ್ಲ. ಹಾಗಾಗಿ 60 ತತ್ತಿಯ ತುಂಬಿದ ಪೆಟ್ಟಿಗೆಗೆ ಮೊದಲ ವಾರ ಸರಿಹೋದ ಕೋಣೆ ಮೂರನೇ ವಾರಕ್ಕೆ ಬಿಸಿಯಾಗಿ ಕಾಣುತ್ತದೆ.

ಮಾಳಗಿ ಮನೆ ಇಲ್ಲದವರಿಗೆ ಏರ್ ಕೂಲರ್. ನಮ್ಮ ಒಣ ಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗೆ 40 ಡಿಗ್ರಿ, ತೇವ ಶೇ. 20 ಇದ್ದಾಗ ಕೂಲರಿನ ಬಾಯಲ್ಲಿ 27–28ರ ಗಾಳಿ ಬರುತ್ತದೆ, ತೇವವೂ ಜತೆಗೆ. ಗಾಳಿ ಪೆಟ್ಟಿಗೆಗೆ ನೇರ ಹೊಡೆಯದಂತೆ ಗೋಡೆಗೆ ತಿರುಗಿಸಿ, ಎದುರಿನ ಕಿಟಕಿ ತೆರೆದಿಡಿ. ಕಿಟಕಿ ಮುಚ್ಚಿದರೆ ಕೂಲರ್ ಬರೀ ಜಿಗುಟು ಮಾಡುತ್ತದೆ. ಇನ್ನೊಂದು ಉಪಾಯವೆಂದರೆ, ಹೊರಗಾಳಿ ಎಳೆಯುವ ಸಣ್ಣ ಫ್ಯಾನನ್ನು ಮೂರನೇ ಕಂಟ್ರೋಲರಿಗೆ ಕೊಟ್ಟು, ತಣಿಸುವ ಸಿ ಸ್ಥಿತಿಯಲ್ಲಿ 37.9ಕ್ಕೆ ಇಡುವುದು. ಕೋಣೆ 36ರ ಕೆಳಗಿದ್ದರೆ ಮಾತ್ರ ಇದರಿಂದ ಉಪಯೋಗ. ಐಸ್ ಬಾಟಲಿಯನ್ನು ಪೆಟ್ಟಿಗೆಯೊಳಗಿಡುವ ಸಲಹೆ ಕೇಳಿ ಮಾಡಿ ನೋಡಿದೆವು. ಪಕ್ಕದ ತತ್ತಿಗಳು ಬೆವರಿದವು, ದೂರದವು ಬಿಸಿಯಾಗೇ ಉಳಿದವು.

ತೇವಾಂಶ ಮೊದಲ 18 ದಿನ ಶೇ. 45ರಿಂದ 55, ಕೊನೆಯ ಮೂರು ದಿನ ಶೇ. 65ರಿಂದ 70. ಒಣ ಬಲ್ಬು, ಹಸಿ ಬಲ್ಬಿನ (ಬುಡಕ್ಕೆ ಹಸಿ ಬಟ್ಟೆ ಸುತ್ತಿದ) ಥರ್ಮಾಮೀಟರ್ ಬಳಸುವವರಿಗೆ 37.5ರ ಎದುರು ಹಸಿ ಬಲ್ಬು 29 ಎಂದರೆ ಶೇ. 53ರಷ್ಟು, 32 ಎಂದರೆ ಶೇ. 68ರಷ್ಟು. ನೀರಿನ ತಟ್ಟೆ ಆಳವಾಗಿದ್ದರೆ ತೇವ ಹೆಚ್ಚುವುದಿಲ್ಲ, ಅಗಲವಾಗಿದ್ದರೆ ಹೆಚ್ಚುತ್ತದೆ. ಗಾಳಿಯ ಲೆಕ್ಕ ಗೊತ್ತಿದ್ದರೆ ಯಾವ ತಿಂಗಳಲ್ಲಿ ಎಷ್ಟು ತಟ್ಟೆ ಎಂಬುದು ತಾನಾಗೇ ಗೊತ್ತಾಗುತ್ತದೆ. ಏಪ್ರಿಲಿನ 40 ಡಿಗ್ರಿ, ಶೇ. 20ರ ಗಾಳಿ ಪೆಟ್ಟಿಗೆಯೊಳಗೆ ಬಂದು ಶೇ. 23 ಆಗುತ್ತದೆ. ಆಗಸ್ಟಿನ 28 ಡಿಗ್ರಿ, ಶೇ. 75ರ ಗಾಳಿ ಒಳಗೆ ಶೇ. 44. ಅಂದರೆ ಮಳೆಗಾಲದಲ್ಲಿ 18 ದಿನ ನೀರನ್ನೇ ಇಡದೆ ನಡೆಸಬಹುದು. ಡಿಸೆಂಬರಿನ ಮಧ್ಯಾಹ್ನದ 28 ಡಿಗ್ರಿ, ಶೇ. 45ರ ಗಾಳಿ ಮಾತ್ರ ಮೋಸಗಾರ, ಮೈಗೆ ಹಿತವಾಗಿದ್ದರೂ ಪೆಟ್ಟಿಗೆಯೊಳಗೆ ಅದು ಶೇ. 26. ಚಳಿಗಾಲದಲ್ಲಿ ಮರಿ ಸಿಪ್ಪೆಗೆ ಅಂಟಿಕೊಂಡು ಸಾಯುವುದು ಇದರಿಂದ.

ಮಾಪಕದ ಅಂಕಿಗಿಂತ ತಕ್ಕಡಿ ಹೆಚ್ಚು ಸತ್ಯ ಹೇಳುತ್ತದೆ. 18 ದಿನದಲ್ಲಿ ತತ್ತಿ ತನ್ನ ತೂಕದ ಶೇ. 11ರಿಂದ 13ರಷ್ಟು ನೀರನ್ನು ಕಳೆದುಕೊಳ್ಳಬೇಕು. 45 ಗ್ರಾಮಿನ 30 ಜವಾರಿ ತತ್ತಿ ಸೇರಿ 1,350 ಗ್ರಾಂ ಇದ್ದರೆ, 18ನೇ ದಿನ 1,190ರ ಆಸುಪಾಸು ತೂಗಬೇಕು, ಅಂದರೆ ದಿನಕ್ಕೆ 9 ಗ್ರಾಂ. ಏಳನೇ ದಿನ 63 ಗ್ರಾಂ ಇಳಿದಿರಬೇಕಾದಲ್ಲಿ 90 ಇಳಿದಿದ್ದರೆ ತಟ್ಟೆ ಹೆಚ್ಚಿಸಿ, 40 ಇಳಿದಿದ್ದರೆ ತೆಗೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹೀಗೆ ತೂಗುವವರು ನಮ್ಮ ಕಡೆ ಇನ್ನೂ ಕಡಿಮೆ.

ತತ್ತಿ ಇಡುವ ಹಿಂದಿನ ದಿನವೇ ಪೆಟ್ಟಿಗೆ ಹಚ್ಚಿ 24 ತಾಸು ಓಡಿಸಿ. ಗಡಿಗೆಯಿಂದ ತೆಗೆದ ತತ್ತಿ ಆರು ತಾಸು ಕೋಣೆಯಲ್ಲಿರಲಿ. ಹಾಕಿದ ಕೂಡಲೇ ಅಂಕಿ 33–34ಕ್ಕೆ ಇಳಿಯುತ್ತದೆ, ಕಂಟ್ರೋಲರ್ ಮುಟ್ಟಬೇಡಿ, ನಾಲ್ಕೈದು ತಾಸಿನಲ್ಲಿ ತಾನೇ ಏರುತ್ತದೆ. ಕೈಯಲ್ಲಿ ಹೊರಳಿಸುವವರು ಒಂದು ಮಗ್ಗುಲಿಗೆ ಪೆನ್ಸಿಲ್ಲಿನಲ್ಲಿ ಗುಣಿಸು ಗುರುತು, ಇನ್ನೊಂದಕ್ಕೆ ಸೊನ್ನೆ ಹಾಕಿ ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಬೇಕು. ಬೆಸ ಸಂಖ್ಯೆ ಯಾಕೆಂದರೆ, ಉದ್ದದ ರಾತ್ರಿಯಲ್ಲಿ ಒಂದೇ ಮಗ್ಗುಲು ದಿನವೂ ಕೆಳಗೆ ಬರಬಾರದು. ಮೊದಲ ವಾರ ಹೊರಳಿಸುವುದು ತಪ್ಪಿದರೆ ಜೀವ ಪೊರೆಗೆ ಅಂಟುತ್ತದೆ. ಮೂರನೇ ವಾರದಲ್ಲಿ ಒಂದೆರಡು ಸಲ ತಪ್ಪಿದರೆ ಅಷ್ಟು ನಷ್ಟವಿಲ್ಲ. ತತ್ತಿ ನಿಲ್ಲಿಸುವ ತಟ್ಟೆಯಾದರೆ ಅಗಲ ತುದಿ ಮೇಲಿರಲೇಬೇಕು. ತಲೆಕೆಳಗಾಗಿ ನಿಲ್ಲಿಸಿದರೆ ಮರಿಯ ತಲೆ ಚೂಪು ತುದಿಗೆ ಬಂದು, ಅಗಲ ತುದಿಯ ಗಾಳಿಚೀಲ ಸಿಗದೆ ಸಾಯುತ್ತದೆ.

ಏಳನೇ ದಿನ ರಾತ್ರಿ, ಕತ್ತಲಲ್ಲಿ, ಮೊಬೈಲಿನ ಟಾರ್ಚಿಗೆ ರಟ್ಟಿನ ಕೊಳವೆ ಹಚ್ಚಿ ಅಗಲ ತುದಿಯಿಂದ ನೋಡಬೇಕು. ಜೇಡರಬಲೆಯಂಥ ನರಗಳು, ನಡುವೆ ಅಲುಗುವ ಚುಕ್ಕೆ ಇದ್ದರೆ ಜೀವ ಇದೆ. ಕಂದು ಸಿಪ್ಪೆಯ ತತ್ತಿಯಲ್ಲಿ ಇದು ಹತ್ತನೇ ದಿನದವರೆಗೂ ಸ್ಪಷ್ಟ ಕಾಣದು, ಅವಸರ ಮಾಡಿ ಎಸೆಯಬೇಡಿ. 14ರಂದು ಇನ್ನೊಮ್ಮೆ ನೋಡಿ ಸತ್ತದ್ದು, ಕೆಟ್ಟ ವಾಸನೆಯದು ತೆಗೆಯಿರಿ.

ಕರೆಂಟು ಹೋದಾಗ ಏನು ಮಾಡಬೇಕೆಂಬುದು ತಿಂಗಳ ಮೇಲೂ ತತ್ತಿಯ ದಿನದ ಮೇಲೂ ನಿಂತಿದೆ. ಚಳಿಗಾಲ, ಮೊದಲ ಎರಡು ವಾರವಾದರೆ ಕಂಬಳಿ ಹೊದಿಸಿ ಸುಮ್ಮನಿರಿ. ಮೂರು ನಾಲ್ಕು ತಾಸು ತಂಪಾದರೆ ಮರಿ ಸಾಯುವುದಿಲ್ಲ, ಹೊರಬರುವುದು ತುಸು ತಡವಾಗುತ್ತದೆ ಅಷ್ಟೇ. ಬೇಸಿಗೆ, ಮೂರನೇ ವಾರವಾದರೆ ಕಂಬಳಿ ಹೊದಿಸುವುದೆಂದರೆ ಕೊಲ್ಲುವುದು. ಫ್ಯಾನ್ ನಿಂತಿದೆ, ಮರಿಗಳು ಶಾಖ ಬಿಡುತ್ತಿವೆ, ಗಾಳಿ ಇಲ್ಲ. ಕೂಡಲೇ ಮುಚ್ಚಳ ತೆಗೆದು ಬೀಸಣಿಗೆ ಹಾಕಬೇಕು. ಕೋಳಿಯೂ ದಿನಕ್ಕೊಮ್ಮೆ 15–20 ನಿಮಿಷ ಎದ್ದುಹೋಗಿ ಕಾಳು ತಿಂದು ಬರುತ್ತದೆ. ತಂಪು ತಡೆಯುವ ಶಕ್ತಿ ತತ್ತಿಗೆ ಇದ್ದೇ ಇದೆ. 40 ದಾಟಿದ ಬಿಸಿಯನ್ನು ಮಾತ್ರ ಅದು ಕೆಲವು ತಾಸೂ ತಡೆಯಲಾರದು. ಡಬ್ಲ್ಯೂ 1209, ಫ್ಯಾನು ಎರಡೂ 12 ವೋಲ್ಟಿನವು, ಹಳೆಯ ಬೈಕ್ ಬ್ಯಾಟರಿಯಲ್ಲೂ ಗಾಳಿ ಆಡಿಸಬಹುದು. ಬೇಸಿಗೆಯಲ್ಲಿ ಫ್ಯಾನ್ ಓಡಿದರೆ ಅರ್ಧ ಗೆದ್ದಂತೆ.

18ನೇ ದಿನ ಹೊರಳಿಸುವುದನ್ನು ನಿಲ್ಲಿಸಿ, ತತ್ತಿ ನಿಲ್ಲಿಸಿದ ತಟ್ಟೆ ತೆಗೆದು, ಕೆಳಗೆ ತೊಳೆದು ಒಣಗಿಸಿದ ಗೋಣಿತಟ್ಟು ಹಾಸಿ, ತತ್ತಿ ಅಡ್ಡ ಮಲಗಿಸಿ. ಬರೀ ತಗಡು, ಪ್ಲಾಸ್ಟಿಕ್ ಇದ್ದರೆ ಹುಟ್ಟಿದ ಮರಿಯ ಕಾಲು ಜಾರಿ ಅಗಲವಾಗಿ ಕುಂಟಾಗುತ್ತದೆ. ನೀರು ಹೆಚ್ಚಿಸಿ ತೇವ ಏರಿಸಿ, ಆದರೆ ಗಾಳಿಯ ತೂತು ಮುಚ್ಚಬೇಡಿ. ತೇವ ಉಳಿಯಲೆಂದು ತೂತಿಗೆ ಬಟ್ಟೆ ತುರುಕುವವರಿದ್ದಾರೆ, ಉಸಿರು ಹೆಚ್ಚು ಬೇಕಾಗಿರುವುದೇ ಆ ಮೂರು ದಿನ. ಮರಿ ಮೊದಲು ಒಳಗಿನ ಪೊರೆ ಹರಿದು ಗಾಳಿಚೀಲದಲ್ಲಿ ಉಸಿರಾಡುತ್ತದೆ, ಕಿವಿಗೆ ಹಿಡಿದರೆ ಚಿಂವ್ ಕೇಳುತ್ತದೆ. 20ನೇ ದಿನದ ಹೊತ್ತಿಗೆ ಸಿಪ್ಪೆಗೆ ಚಿಕ್ಕ ಚುಕ್ಕೆಯಷ್ಟು ಒಡಕು. ಅಲ್ಲಿಂದ ಹೊರಬರಲು 12ರಿಂದ 24 ತಾಸು. ಈ ಹೊತ್ತಿನಲ್ಲಿ ಕೈ ತುರಿಸುತ್ತದೆ, ಸಿಪ್ಪೆ ಬಿಡಿಸಿ ಉಪಕಾರ ಮಾಡೋಣ ಎನ್ನಿಸುತ್ತದೆ. ಬೇಡ. ಪೊರೆಯ ರಕ್ತನಾಳ ಬತ್ತಿ, ಭಂಡಾರ ಹೊಟ್ಟೆಯೊಳಗೆ ಸೇರಿಕೊಳ್ಳುವ ಸಮಯ ಅದು. ಎಳೆದರೆ ರಕ್ತ ಬಂದು ಸಾಯುತ್ತದೆ. ಮುಚ್ಚಳ ಒಮ್ಮೆ ತೆಗೆದರೆ ತೇವ ಸರ್ರನೆ ಇಳಿದು, ಅರ್ಧ ಒಡೆದ ತತ್ತಿಯ ಪೊರೆ ಕಾಗದದಂತೆ ಒಣಗಿ ಮರಿಯನ್ನು ಬಿಗಿಯುತ್ತದೆ. ಹೊರಬಂದ ಮರಿಗೆ ಹೊಟ್ಟೆಯ ಭಂಡಾರವೇ ಎರಡು ದಿನದ ಬುತ್ತಿ. ಮೈ ಒಣಗಿ ಹತ್ತಿಯುಂಡೆಯಾಗುವ ತನಕ ಅಲ್ಲೇ ಇರಲಿ.

23ನೇ ದಿನ ಒಡೆಯದೆ ಉಳಿದವನ್ನು ಹೊಲದ ಬದುವಿಗೆ ಒಯ್ದು ಒಡೆದು ನೋಡುವುದು ಹೊಲಸು ಕೆಲಸ ನಿಜ, ಆದರೆ ಮುಂದಿನ ಸರದಿಯ ಪಾಠ ಅಲ್ಲೇ ಇದೆ. ಮರಿಗಳು 19–20ಕ್ಕೇ ಬಂದು ಹೊಕ್ಕುಳು ಹಸಿ ಇದ್ದರೆ ಬಿಸಿ ಹೆಚ್ಚಾಗಿತ್ತು. 22–23ಕ್ಕೆ ಸೋತು ಬಂದರೆ ಕಡಿಮೆಯಾಗಿತ್ತು. ಪೂರ್ತಿ ಬೆಳೆದು, ಮೈ ಊದಿ, ಸುತ್ತ ನೀರು ನಿಂತು, ಕೊಕ್ಕು ಹಾಕದೆ ಸತ್ತಿದ್ದರೆ ಮೊದಲ 18 ದಿನ ತೇವ ಹೆಚ್ಚು. ಕೊಕ್ಕು ಹಾಕಿ ಒಣಗಿ ಸತ್ತಿದ್ದರೆ ಕೊನೆಯಲ್ಲಿ ತೇವ ಕಡಿಮೆ. ನಮ್ಮ ಏಪ್ರಿಲ್ ಸರದಿಯ ಸತ್ತ ತತ್ತಿಗಳಲ್ಲಿ ಮುಕ್ಕಾಲು ಪಾಲು 16–18 ದಿನದ ಮರಿಗಳೇ ಇದ್ದವು. ಆ ಸಂಜೆಗಳ ಲೆಕ್ಕ ಅಲ್ಲಿ ಸಿಕ್ಕಿತು.

ಮರಿಗೆ ಮೊದಲ ವಾರ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಒಂದು ಅಡಿ ಎತ್ತರದ ರಟ್ಟನ್ನು ದುಂಡಗೆ ಸುತ್ತಿ, ಕೆಳಗೆ ಎರಡು ಮೂರು ಇಂಚು ಭತ್ತದ ಹೊಟ್ಟು. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್‌ಮಿಲ್ಲುಗಳಿಂದಾಗಿ ಇದಕ್ಕೆ ನಮಗೆ ಬರವಿಲ್ಲ. ಮೊದಲ ಎರಡು ದಿನ ಹೊಟ್ಟಿನ ಮೇಲೆ ಸುಕ್ಕು ಮಾಡಿದ ಪತ್ರಿಕೆ ಹಾಸಬೇಕು, ಇಲ್ಲದಿದ್ದರೆ ಮರಿ ಹೊಟ್ಟನ್ನೇ ತಿನ್ನುತ್ತದೆ. ಬಲ್ಬಿನ ಕೆಳಗೆ ಗುಂಪುಗೂಡಿ ಕೂಗಿದರೆ ಚಳಿ, ರಟ್ಟಿಗೆ ಒತ್ತಿಕೊಂಡು ಬಾಯಿ ತೆರೆದರೆ ಬಿಸಿ. ಏಪ್ರಿಲಿನಲ್ಲಿ ಹಗಲು ಬಲ್ಬು ಬೇಡವೇ ಬೇಡ, ಬೆಳಗಿನ ಜಾವ ಮೂರರಿಂದ ಆರರವರೆಗೆ ಬೇಕಾದೀತು. ನೀರು ಮೊದಲು, ಕಾಳು ಆಮೇಲೆ. ಮೊದಲ ನೀರಿಗೆ ತುಸು ಬೆಲ್ಲ. ಮೊದಲ ದಿನ ಸಜ್ಜೆ ಅಥವಾ ಮೆಕ್ಕೆಜೋಳದ ನುಚ್ಚು, ಎರಡನೇ ದಿನದಿಂದ ಶೇ. 20ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್ (ಎಳೆ ಮರಿಯ ಆಹಾರ). ನಾಲ್ಕು ವಾರದವರೆಗೆ ಮರಿಯೊಂದಕ್ಕೆ ಅರ್ಧ ಚದರಡಿ, ಎಂಟು ವಾರಕ್ಕೆ ಒಂದು, ದೊಡ್ಡದಕ್ಕೆ ಎರಡು.

ಕಾವಿಗೆ ಕೂತ ಜವಾರಿ ಹ್ಯಾಟೆ ಅದೇ ಹೊತ್ತಿಗೆ ಸಿಕ್ಕರೆ ಈ ಬಲ್ಬಿನ ಗೋಳೇ ಇಲ್ಲ. ರಾತ್ರಿ ಕತ್ತಲಲ್ಲಿ ಅದರ ಕೆಳಗಿನ ತತ್ತಿ ತೆಗೆದು, ಒಂದು ದಿನದ ಹತ್ತು ಹನ್ನೆರಡು ಮರಿ ತೂರಿಸಿಬಿಡಿ. ಬೆಳಿಗ್ಗೆ ಎಲ್ಲ ತನ್ನವೇ ಎಂದು ಕರೆದುಕೊಂಡು ಹೊರಡುತ್ತದೆ. ಹಗಲಲ್ಲಿ ಬಿಟ್ಟರೆ ಕುಕ್ಕಿ ಕೊಲ್ಲಬಹುದು.

ಲಸಿಕೆ ವಿಷಯದಲ್ಲಿ ಉದಾಸೀನ ಮಾಡಿದರೆ ಪೆಟ್ಟಿಗೆಯ ಎಲ್ಲ ಕಷ್ಟ ಎರಡು ದಿನದಲ್ಲಿ ಮಣ್ಣುಪಾಲು. ಕೊಕ್ಕರೆ ರೋಗ (ರಾಣಿಖೇತ್) ಬಂದ ಹಿತ್ತಲಲ್ಲಿ ಕೋಳಿ ಕತ್ತು ತಿರುಚಿ, ಹಸಿರು ಬಿಳಿ ಹಿಕ್ಕೆ ಹಾಕಿ ಬೀಳುತ್ತ ಹೋಗುತ್ತವೆ, ಔಷಧ ಇಲ್ಲ. 5–7ನೇ ದಿನ ಅದರ ಲಸಿಕೆಯಾದ ಲಸೋಟ ಅಥವಾ ಎಫ್1, ಕಣ್ಣಿಗೆ ಒಂದು ಹನಿ. 14ನೇ ದಿನ ಗಂಬೋರೊ ರೋಗದ ಲಸಿಕೆ. 28ಕ್ಕೆ ಲಸೋಟ ಮತ್ತೊಮ್ಮೆ. ಆರನೇ ವಾರ ಸಿಡುಬು, ಎಂಟನೇ ವಾರ ಮತ್ತೆ ಕೊಕ್ಕರೆ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ಲಸಿಕೆಯ ಚಿಕ್ಕ ಬಾಟಲಿಯೇ ನೂರು ಕೋಳಿಗೆ ಆಗುವಂಥದ್ದು, ಕಲೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಉಳಿದದ್ದು ಫ್ರಿಜ್ಜಿನಲ್ಲಿಟ್ಟರೂ ಕೆಲಸಕ್ಕೆ ಬಾರದು. ಅದಕ್ಕೇ ಓಣಿಯ ನಾಲ್ಕೈದು ಮನೆಯವರು ಒಂದೇ ವಾರ ಮರಿ ಮಾಡಿಸಿ ಒಂದೇ ಬೆಳಿಗ್ಗೆ ಹಾಕಿಸುವುದು ಲೇಸು. ಐಸ್ ತುಂಬಿದ ಥರ್ಮಾಸಿನಲ್ಲಿ ತರಬೇಕು. ಅಂಗಿಯ ಜೇಬಿನಲ್ಲಿ ಬಂದ ಲಸಿಕೆ ನೀರಿಗೆ ಸಮ. ನೀರಲ್ಲಿ ಕುಡಿಸುವುದಾದರೆ ನಲ್ಲಿಯ ಕ್ಲೋರಿನ್ ನೀರು ಬೇಡ, ಬಾವಿ ನೀರಿಗೆ ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ.

ಮೂರರಿಂದ ಆರನೇ ವಾರದಲ್ಲಿ ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯ, ಕರುಳಿನ ಪರಾವಲಂಬಿ ರೋಗ. ಹಸಿ ಹೊಟ್ಟೇ ಅದರ ಮನೆ. ನೀರಿನ ಪಾತ್ರೆಯ ಸುತ್ತಲಿನ ಹೊಟ್ಟನ್ನು ದಿನವೂ ತೆಗೆದು ಒಣಗಿದ್ದು ಹಾಕಿ. ಅದರ ಔಷಧ ಆಂಪ್ರೋಲಿಯಂ, ಶೇ. 20ರ ಪುಡಿಯಾದರೆ ಲೀಟರ್ ನೀರಿಗೆ 0.6 ಗ್ರಾಂ, ಐದರಿಂದ ಏಳು ದಿನ. ನಮ್ಮ ಒಣ ಸೀಮೆಯ ಇನ್ನೊಂದು ಪಿಡುಗು ಗೋಡೆ ಬಿರುಕಿನ ಉಣ್ಣೆ. ಹಗಲು ಅಡಗಿ ರಾತ್ರಿ ರಕ್ತ ಹೀರುತ್ತದೆ, ಕೋಳಿಯ ಮೈಮೇಲೆ ಹುಡುಕಿದರೆ ಸಿಗುವುದಿಲ್ಲ. ಬ್ಲೋ ಲ್ಯಾಂಪಿನಲ್ಲಿ ಬಿರುಕು ಸುಟ್ಟು, ಮಣ್ಣು ಮೆತ್ತಿ, ಸುಣ್ಣ ಬಳಿಯುವುದೇ ಸರಿಯಾದ ಮದ್ದು.

ದೊಡ್ಡ ಕೋಳಿಯ ಬೇಸಿಗೆ ಬೇರೆ ಬಗೆ. ಗೂಡಿನ ಉದ್ದ ಪೂರ್ವ–ಪಶ್ಚಿಮಕ್ಕಿರಲಿ, ತಗಡಿನ ಮೇಲೆ ಸುಣ್ಣ ಬಳಿದು ಜೋಳದ ಸೊಪ್ಪೆ ಹೊದಿಸಿ, ಪಕ್ಕದ ಜಾಲರಿಗೆ ಹಸಿ ಗೋಣಿ ಕಟ್ಟಿ. ಕಾಳು ಬೆಳಿಗ್ಗೆ ಎಂಟರೊಳಗೆ, ಸಂಜೆ ಆರರ ಮೇಲೆ. ಮಧ್ಯಾಹ್ನ ತಿಂದರೆ ಅರಗುವ ಶಾಖವೂ ಸೇರಿ ಏದುಸಿರು. ಏದುಸಿರು ಬಿಟ್ಟಷ್ಟೂ ರಕ್ತದ ಕಾರ್ಬೊನೇಟ್ ಕಡಿಮೆಯಾಗಿ ಸಿಪ್ಪೆ ತೆಳುವಾಗುತ್ತದೆ, ಎಷ್ಟು ಕಪ್ಪೆಚಿಪ್ಪು ಹಾಕಿದರೂ ಮೇ ತಿಂಗಳ ತತ್ತಿ ಕಾವಿಗೆ ಅಷ್ಟಕ್ಕಷ್ಟೇ. ಹುಂಜನೂ ಬಿಸಿಗೆ ಸೋತು ಮರಿಗಟ್ಟುವ ತತ್ತಿ ಇಳಿದಿರುತ್ತದೆ. ನೀರನ್ನು ಮಣ್ಣಿನ ಪಾತ್ರೆಯಲ್ಲಿ ನೆರಳಲ್ಲಿ ಇಟ್ಟು ಮಧ್ಯಾಹ್ನ ಒಮ್ಮೆ ಬದಲಿಸಬೇಕು. ಬಿಸಿಯಾದ ಪ್ಲಾಸ್ಟಿಕ್ ಬಕೆಟ್ಟಿನ ನೀರನ್ನು ಕೋಳಿ ಮುಟ್ಟುವುದಿಲ್ಲ.

ಹೀಗಾಗಿ ನಮ್ಮ ಲೆಕ್ಕದಲ್ಲಿ ಕೊನೆಯ ಸರದಿ ಜನವರಿ ಕೊನೆಗೆ. ಮರಿ ಫೆಬ್ರವರಿ ಮೂರನೇ ವಾರ ಹೊರಬಂದು, ಏಪ್ರಿಲ್ ಬಿಸಿಲು ಕಾಯುವ ಹೊತ್ತಿಗೆ ರೆಕ್ಕೆ ಪುಕ್ಕ ಬಲಿತಿರುತ್ತದೆ. ಅಷ್ಟರಲ್ಲಿ ಪೆಟ್ಟಿಗೆ ಖಾಲಿ ಮಾಡಿ, ಪುಕ್ಕದ ಧೂಳು ಒರೆಸಿ, ಫ್ಯಾನ್ ಬಿಚ್ಚಿ ಬ್ರಷ್ಷಿನಲ್ಲಿ ತಿಕ್ಕಿ, ಬ್ಲೀಚಿಂಗ್ ನೀರಿನಲ್ಲಿ ಒಳಗೋಡೆ ತೊಳೆದು ಒಂದು ದಿನ ನೆರಳಲ್ಲಿ ಒಣಗಿಸಿ ಎತ್ತಿಡುತ್ತೇವೆ. ಥರ್ಮಾಕೋಲನ್ನು ಬಿಸಿಲಿಗೆ ಇಟ್ಟರೆ ಪುಡಿಯಾಗುತ್ತದೆ. ಮತ್ತೆ ಕೆಳಗಿಳಿಸುವುದು ಜೂನಿನಲ್ಲಿ ಎರಡು ಮಳೆ ಬಿದ್ದು, ಸಂಜೆ ಏಳಕ್ಕೆ ಕೋಣೆಯ ಥರ್ಮಾಮೀಟರ್ 33ರ ಕೆಳಗೆ ಬಂದ ಮೇಲೆ.